ಕಿವಿರು ಎತ್ತಿ ನೋಡುವುದು

ಫಾಹೀಲ್‌ನಲ್ಲಿ ಶುಕ್ರವಾರ. ನಮಾಜು ಮುಗಿದು
ಚಪ್ಪಲಿಗಳು ತಂತಮ್ಮ ಕಾಲು ಹುಡುಕುವ ಹೊತ್ತಿಗೆ
ಬೊನಿಫಾಸ್ ಬಂದ, ಅಂಗಿಯ ಜೇಬಿನಲ್ಲಿ
ಸೋಪಿನ ಪೆಟ್ಟಿಗೆಯಷ್ಟು ಒಂದು ಬೆಳ್ಳಿ ಬಣ್ಣದ ಕ್ಯಾಮೆರಾ.
ಊರಿಗೆ ಹೊರಟ ಯಾರೋ ಈಜಿಪ್ಟಿನವರು
ಸೋಫಾ, ಇಸ್ತ್ರಿಪೆಟ್ಟಿಗೆ, ಮಕ್ಕಳ ಸೈಕಲ್ಲಿನ ಜೊತೆ
ರಾಶಿ ಹಾಕಿದ್ದರಂತೆ. ಹನ್ನೊಂದು ದಿನಾರು.
"ಪಾಸ್‌ಪೋರ್ಟ್ ಫೋಟೊ ತೆಗೆಯುವವ ನೀನು,
ಒಮ್ಮೆ ನೋಡಿ ಹೇಳು ಮಾರಾಯ, ಮೋಸ ಹೋದೆನಾ?"

ನೋಡುವುದು ನನಗೆ ಕಲಿಸಿದ್ದು ಸ್ಟುಡಿಯೊ ಅಲ್ಲ.
ಗಂಗೊಳ್ಳಿಯ ದಕ್ಕೆಯಲ್ಲಿ ನಾಗು ಚಿಕ್ಕಿ
ಬಂಗುಡೆಯ ಕಿವಿರು ಹೆಬ್ಬೆರಳಲ್ಲಿ ಎತ್ತುತ್ತಿದ್ದಳು:
ಕೆಂಪಿದ್ದರೆ ನಿನ್ನೆ ರಾತ್ರಿಯದ್ದು,
ಕಂದಿದ್ದರೆ ಮಂಜುಗಡ್ಡೆಯ ಸುಳ್ಳು.
"ಮೊದ್ಲ್ ಕಣ್ ಕಾಣ್. ಕಣ್ ಸುಳ್ ಹೇಳುದಿಲ್ಲ."

ಗುಂಡಿ ಒತ್ತಿದೆ. ಕಿರ್ರೆಂದು ಹೊರಬಂತು ಲೆನ್ಸು,
ಹಲ್ಲಿನ ನಡುವೆ ಮರಳು ಸಿಕ್ಕ ಸದ್ದು.
ಈ ಊರಿನ ಪುಟ್ಟ ಕ್ಯಾಮೆರಾಗಳದ್ದೆಲ್ಲ ಇದೇ ಕಾಯಿಲೆ,
ಪ್ರತಿ ಸಲ ಒಳಗೆ ಹೋಗುವಾಗ
ಒಂದು ಚಿಟಿಕೆ ಮರುಭೂಮಿ ಕೊಂಡುಹೋಗುತ್ತವೆ.

ಮೊದಲು ಅಕ್ಷರ. ಮೆಸ್ಸಿನ ಗೋಡೆಗೆ
ಹಳೆಯ ಮಲಯಾಳ ಪತ್ರಿಕೆ ಅಂಟಿಸಿ,
ಅಕ್ಕಿ ಡಬ್ಬದ ಮೇಲೆ ಕ್ಯಾಮೆರಾ ಇಟ್ಟು,
ಎರಡು ಸೆಕೆಂಡಿನ ಟೈಮರ್. ಕಂಪ್ಯೂಟರಿನಲ್ಲಿ ಹಿಗ್ಗಿಸಿದೆ.
ನಡುವಿನ ಅಕ್ಷರಗಳು ಈಗಷ್ಟೇ ಕರಿದ ಚಕ್ಕುಲಿ;
ಮೂಲೆಯವು ಚಹಾದಲ್ಲಿ ಅದ್ದಿ ಮರೆತವು.
ಮರಣವಾರ್ತೆಯ ಪುಟ ಅದು. ಮೂಲೆಗೆ ಸರಿದವರದ್ದು
ಮೀಸೆ ಮಾತ್ರ ಉಳಿದಿತ್ತು.

ಆಮೇಲೆ ಕತ್ತಲೆ. ಐಎಸ್ಓ ಸಾವಿರದ ಆರುನೂರಕ್ಕೆ ಏರಿಸಿ
ಮಂಚದ ಕೆಳಗಿನ ಸೂಟ್‌ಕೇಸುಗಳನ್ನು ತೆಗೆದೆ.
ಕಪ್ಪಿನ ತುಂಬ ಕೆಂಪು ನೀಲಿ ರವೆ.
"ಇದೆಲ್ಲ ಎಲ್ಲಿಂದ ಬಂತು?" ಅಂದ ಬೊನಿಫಾಸ್.
ಬೆಳಕಿಲ್ಲದ ಕಡೆ ಹಟ ಹಿಡಿದು ನೋಡಿದರೆ
ಕಣ್ಣು ತಾನೇ ಏನಾದರೂ ಹುಟ್ಟಿಸಿಕೊಳ್ಳುತ್ತದೆ, ಅಂದೆ.
ರಾತ್ರಿಪಾಳಿಯ ವಾಚ್‌ಮನ್ ಅವನು. ತಲೆಯಾಡಿಸಿದ.

ಮೂರು ಗಂಟೆಗೆ ಧೂಳು ಎದ್ದಿತು. ಇಲ್ಲಿಯವರು ತೋಜ್ ಅನ್ನುತ್ತಾರೆ.
ತಾರಸಿಯಿಂದ ಕಂಡ ಆಕಾಶ, ರಿಫೈನರಿಯ ಕೊಳವೆ, ಸಮುದ್ರ,
ಮೂರಕ್ಕೂ ಒಂದೇ ಗೋಣಿ ಹೊದಿಸಿದ ಹಾಗೆ.
ತೆಗೆದ ಚಿತ್ರದಲ್ಲಿ ಕಾಳು ಕಾಳು.
ಇದು ಕ್ಯಾಮೆರಾದ ದೋಷವೋ, ದಿನದ್ದೋ?
ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದವನಿಗೆ
ಗೊತ್ತಾಗಲಿಲ್ಲ.

ಕೊನೆಗೆ ಚರ್ಮ. ಟ್ಯಾಂಕಿನ ಮುಚ್ಚಳಕ್ಕೆ ಕಲ್ಲು ಹೇರಲು ಬಂದ
ಶಫೀಕುಲ್‌ನನ್ನು ಆ ಬಿಳಿ ಟ್ಯಾಂಕಿನ ಮುಂದೆಯೇ ನಿಲ್ಲಿಸಿದೆ.
ಮೊದಲ ಚಿತ್ರದಲ್ಲಿ ಟ್ಯಾಂಕು ಚೆನ್ನಾಗಿ ಬಂತು, ಬೋಲ್ಟು ಸಮೇತ;
ಅವನು ಟ್ಯಾಂಕಿಗೆ ಬಿದ್ದ ತೂತಿನಂತಿದ್ದ.
ಬೆಳಕು ಒಂದು ಮೆಟ್ಟಿಲು ಏರಿಸಿದೆ, ಇನ್ನೂ ಅರ್ಧ.
ಟ್ಯಾಂಕು ಕರಗಿಹೋಯಿತು. ಹುಬ್ಬಿನ ಗಾಯ,
ರೆಪ್ಪೆಯ ಮೇಲಿನ ಧೂಳು,
ನಗಬೇಕೋ ಬೇಡವೋ ಎಂದು ನಿಂತ ತುಟಿ ಬಂದವು.
ಎರಡನ್ನೂ ಒಟ್ಟಿಗೆ ಹಿಡಿಯುವ ತಾಕತ್ತು ಇದಕ್ಕಿಲ್ಲ, ಅಂದೆ.
"ಟ್ಯಾಂಕಿನ ಫೋಟೊ ಯಾರಿಗೆ ಬೇಕು?" ಅಂದ, ಹಿಂದಿಯಲ್ಲಿ.

ಆಗ ಕಂಡದ್ದು ಆ ಕಲೆ. ಎಡಕ್ಕೆ, ನಡುವಿಗಿಂತ ತುಸು ಮೇಲೆ,
ಎಳ್ಳಿನಷ್ಟು. ಹಿಂದಕ್ಕೆ ಹೋಗಿ ನೋಡಿದೆ:
ಆಕಾಶದಲ್ಲೂ ಇತ್ತು, ಮರಣವಾರ್ತೆಯಲ್ಲೂ,
ಈಗ ಶಫೀಕುಲ್‌ನ ಕೆನ್ನೆಯ ಮೇಲೆ.
ಸೆನ್ಸರಿಗೆ ಅಂಟಿದ ಕಣ. ಬಿಚ್ಚಿ ಒರೆಸುವ ಕೂಲಿ
ಕ್ಯಾಮೆರಾದ ಬೆಲೆಗಿಂತ ಹೆಚ್ಚು.

ತೀರ್ಪು ಹೇಳಿದೆ: ಮೂಲೆ ಮೆತ್ತಗೆ, ಕತ್ತಲಲ್ಲಿ ರವೆ,
ಬಿಳಿಯ ಅಂಚಿಗೆ ನೇರಳೆ ಸೋರಿಕೆ, ಮೇಲೊಂದು ಕಲೆ.
ನಾಗು ಚಿಕ್ಕಿಯಾಗಿದ್ದರೆ ಬುಟ್ಟಿಗೆ ವಾಪಸು ಎಸೆಯುತ್ತಿದ್ದಳು,
ಇಲ್ಲವೇ ಅರ್ಧ ಬೆಲೆಗೆ ಕೊಂಡು ಒಣಗಿಸುತ್ತಿದ್ದಳು.
ನಾನು ಆರು ದಿನಾರಿಗೆ ಕೇಳಿದೆ.
ಬೊನಿಫಾಸ್ ಕೊಡಲಿಲ್ಲ.

ಪರೀಕ್ಷೆಯ ಚಿತ್ರಗಳನ್ನು ಅಳಿಸುವುದು ರೂಢಿ.
ನಲವತ್ತಮೂರು ಅಳಿಸಿದೆ. ಒಂದನ್ನು ಶಫೀಕುಲ್ ಅಳಿಸಗೊಡಲಿಲ್ಲ.
ಮರುದಿನ ಸ್ಟುಡಿಯೊಗೆ ಬಂದು
ನೂರು ಫಿಲ್ಸ್ ಎಣಿಸಿಟ್ಟು ಪ್ರಿಂಟು ತೆಗೆಸಿಕೊಂಡ.
ಕಲೆ ಅಳಿಸಲು ಒಂದು ಕ್ಲಿಕ್ಕು ಸಾಕಿತ್ತು,
ಮೌಸು ಅಲ್ಲಿಗೇ ಹೋಗಿ ನಿಂತಿತ್ತು; ಯಾಕೋ ಬಿಟ್ಟೆ.
ಉಗುರಿನಿಂದ ಅದನ್ನು ಕೆರೆದು ಕೇಳಿದ, ಇದೇನು?

ಹಿಂದಿಯಲ್ಲಿ ಮಾತು ಸಿಗಲಿಲ್ಲ.
ಬೆರಳನ್ನು ಕಾಡಿಗೆಯ ಡಬ್ಬಿಯಲ್ಲಿ ಅದ್ದಿದಂತೆ ಮಾಡಿ
ಗಾಳಿಯಲ್ಲೊಂದು ಮಗುವಿನ ಕೆನ್ನೆಗೆ ಒತ್ತಿ ತೋರಿಸಿದೆ.
"ಓ," ಅಂದ. ಜೇಬು ತಡಕಿದ.
"ಹಾಗಿದ್ದರೆ ಇನ್ನೊಂದು ಕಾಪಿ."